ಉತ್ತ ಹೊಲದಲ್ಲಿ ನಿಂತ ಕಾಲೇಜು

ನಮ್ಮ ಕಾಲೇಜು ಶುರುವಾದದ್ದು ಅಕ್ಕಿ ಗಿರಣಿಯ ಗೋದಾಮಿನಲ್ಲಿ. ಶಿಕಾರಿಪುರದ ಪೇಟೆಯ ಕೊನೆಗೆ ನಿಂತುಹೋದ ಗಿರಣಿಯೊಂದಿತ್ತು. ಊರಿನ ನಾಲ್ಕು ಜನ ದೊಡ್ಡವರು ಸೇರಿ ಅದರ ಗೋದಾಮಿಗೆ ಸುಣ್ಣ ಬಳಿಸಿ, ಬೆಂಚು ಹಾಕಿಸಿ, ಕಲಾ ಕಾಲೇಜು ಎಂದು ಬೋರ್ಡು ತೂಗುಹಾಕಿದರು. ಎಷ್ಟು ಗುಡಿಸಿದರೂ ತೌಡಿನ ವಾಸನೆ ಹೋಗಲಿಲ್ಲ. ಮಧ್ಯಾಹ್ನದ ತರ್ಕಶಾಸ್ತ್ರದ ಪಾಠಕ್ಕೆ ನಮಗಿಂತ ಗುಬ್ಬಿಗಳ ಹಾಜರಿಯೇ ಹೆಚ್ಚು. ಐವತ್ತರ ದಶಕದ ಕೊನೆಯ ಮಾತಿದು. ಅದಕ್ಕೂ ಮೊದಲು, ಹೈಸ್ಕೂಲು ಮುಗಿಸಿದವರು ಮುಂದೆ ಓದಬೇಕೆಂದರೆ ಶಿವಮೊಗ್ಗದ ಬಸ್ಸು ಹತ್ತಬೇಕಿತ್ತು. ಹುಡುಗರು ಹತ್ತುತ್ತಿದ್ದರು. ಹುಡುಗಿಯರನ್ನು ಹತ್ತಿಸುವವರು ಯಾರು?

ನಾನು ಅಂಜನಾಪುರದ ಕಾಲುವೆ ನೀರಿಗೆ ಭತ್ತ ಬೆಳೆಯುವ ಹಳ್ಳಿಯವಳು. ಶಿಕಾರಿಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಅಪ್ಪನದು ಮಾತು ಕಡಿಮೆ. ಆಡಿದರೆ ಮಾತ್ರ ಕೊಡಲಿಯಲ್ಲಿ ಕಡಿದ ಹಾಗೆ. ನನಗೆ ಸೊರಬದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಒಳ್ಳೆಯ ಮನೆತನ, ಹುಡುಗನಿಗೂ ಕೊಂಕು ಹೇಳುವಂತಿರಲಿಲ್ಲ, ಅದೇ ನನ್ನ ಸಂಕಟ. ಒಂದು ವರ್ಷ ತಡೆಯಿರಿ ಎಂದು ಅಪ್ಪ ಅವರಿಗೆ ಹೇಳಿ ಕಳಿಸಿದ್ದ. ಕಾಲೇಜಿಗೆ ವಿಶ್ವವಿದ್ಯಾಲಯದ ಕಾಯಂ ಒಪ್ಪಿಗೆ ಸಿಕ್ಕರೆ ನಾನು ಬಿ.ಎ. ತನಕ ಓದಬಹುದು. ಸಿಗದೆ ಬಾಗಿಲು ಹಾಕಿದರೆ ಬೇಸಿಗೆಯಲ್ಲಿ ಲಗ್ನ. ಹೀಗೆ ಆ ಗೋದಾಮಿನ ಹಣೆಬರಹವೂ ನನ್ನ ಹಣೆಬರಹವೂ ಒಂದೇ ಆಗಿ ಕೂತಿದ್ದವು.

ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಯಾರು ಏನೇ ಹೊಗಳಿದರೂ ಮೊದಲು ಅದರಲ್ಲಿ ಹುಳುಕು ಹುಡುಕುವುದು ನನ್ನ ಹುಟ್ಟುಗುಣ. ಆದರೆ ನಮ್ಮ ಪ್ರಿನ್ಸಿಪಾಲರ ಮೊದಲ ಇತಿಹಾಸದ ಪಾಠ ಕೇಳಿದ ದಿನ ನನ್ನ ಬಾಯಿ ಕಟ್ಟಿಹೋಯಿತು. ಸಣಕಲು ಮನುಷ್ಯ, ಕೋಟಿನ ಮೊಣಕೈಗೆ ತೇಪೆ. ಅವರು ರಾಜರ ಹೆಸರು ಹೇಳಲಿಲ್ಲ. ನಮ್ಮದೇ ತಾಲೂಕಿನ ಬಳ್ಳಿಗಾವಿಯಲ್ಲಿ ಎಂಟುನೂರು ವರ್ಷದ ಹಿಂದೆ ಒಂದು ಮಠವಿತ್ತು, ಅಲ್ಲಿ ವ್ಯಾಕರಣ, ತರ್ಕ, ಕಾವ್ಯ ಎಲ್ಲ ಕಲಿಸುತ್ತಿದ್ದರು, ಹಸಿದು ಬಂದವರಿಗೆ ಊಟ, ರೋಗಿಗಳಿಗೆ ಔಷಧಿ ಸಿಗುತ್ತಿತ್ತು, ಇದನ್ನೆಲ್ಲ ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ ಎಂದರು. ಆ ಊರಿನ ಮೇಲೆ ನಾನು ಎಷ್ಟು ಸಲ ಗಾಡಿಯಲ್ಲಿ ಹೋಗಿರಲಿಲ್ಲ! ಕಲ್ಲು ನೋಡಿದ್ದೆ, ಅದು ಮಾತಾಡುತ್ತದೆಂದು ಗೊತ್ತಿರಲಿಲ್ಲ. ತೌಡಿನ ವಾಸನೆಯ ನಡುವೆ ಕೂತ ನಾವು ಹೊಸದಾಗಿ ಏನನ್ನೋ ಶುರುಮಾಡುತ್ತಿಲ್ಲ, ಎಂದೋ ನಿಂತದ್ದನ್ನು ಮುಂದುವರಿಸುತ್ತಿದ್ದೇವೆ ಅನ್ನಿಸಿ ಮೈ ಜುಮ್ಮೆಂದಿತು.

ಒಪ್ಪಿಗೆ ಸಿಗಬೇಕಾದರೆ ಕಾಲೇಜಿಗೆ ಸ್ವಂತ ಜಾಗ ಬೇಕಿತ್ತು. ಅದನ್ನು ಕೊಟ್ಟವನು ಕುರಿ ಸಾಕುವ ಮನೆತನದ ಒಬ್ಬ ಮುದುಕ. ಎಲ್ಲರೂ ಅವನನ್ನು ಅಜ್ಜ ಎನ್ನುತ್ತಿದ್ದರು. ಈಸೂರಿನ ದಾರಿಯಲ್ಲಿದ್ದ ತನ್ನ ಬೀಳು ಹೊಲವನ್ನು ಅವನು ಕೇಳಿದ ಕೂಡಲೆ ಕೊಟ್ಟುಬಿಟ್ಟಿದ್ದ. ಪೇಟೆಯವರು ಸುಮ್ಮನಿದ್ದರೇ? ಹುಲ್ಲೂ ಹುಟ್ಟದ ನೆಲ, ಅದಕ್ಕೇ ಕೊಟ್ಟ ಎಂದು ನಕ್ಕರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಆ ನಗು ಅಜ್ಜನ ಕಿವಿಗೂ ಬಿತ್ತು.

ಸಂಕ್ರಾಂತಿಯ ರಜೆಗೆ ಮುಂಚೆ ಪ್ರಿನ್ಸಿಪಾಲರು ನಮ್ಮನ್ನೆಲ್ಲ ಆ ಹೊಲಕ್ಕೆ ಕರೆದೊಯ್ದರು. ಗೂಟ ನೆಟ್ಟು, ಹಗ್ಗ ಹಿಡಿದು, ಕಟ್ಟಡ ಎಲ್ಲೆಲ್ಲಿ ಬರಬೇಕೋ ಅಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆವು. ನಡುವೆ ದೊಡ್ಡದಾಗಿ ಗ್ರಂಥಾಲಯ, ಅದರ ಬಾಗಿಲು ಬದುವಿನ ಬನ್ನಿಮರದ ನೇರಕ್ಕೆ. ಬಾಗಿಲ ಹತ್ತಿರ ಹಗ್ಗದ ತುದಿ ಹಿಡಿದವಳು ನಾನು. ರಜೆ ಮುಗಿದ ಕೂಡಲೆ ವಿಶ್ವವಿದ್ಯಾಲಯದ ಸಮಿತಿ ಬಂದು ಭೂಮಿ ನೋಡುತ್ತದೆ, ಅವರಿಗೆ ಒಪ್ಪಿಗೆಯಾದರೆ ನಮ್ಮ ಕಾಲೇಜು ಉಳಿದಂತೆ ಎಂದು ಪ್ರಿನ್ಸಿಪಾಲರು ಅಜ್ಜನಿಗೂ ತಿಳಿಸಿ, ಸಮಿತಿಯನ್ನು ಕರೆತರಲು ಶಿವಮೊಗ್ಗಕ್ಕೆ ಹೋದರು.

ಸಮಿತಿ ಬಂದ ಬೆಳಗ್ಗೆ ನಾವೆಲ್ಲ ಹೊಲದ ಬದುವಿನ ಮೇಲೆ ಬಂದು ನಿಂತು ಕಲ್ಲಾದೆವು. ಗೆರೆಯಿಲ್ಲ, ಗೂಟವಿಲ್ಲ. ಇಡೀ ಹೊಲ ಉತ್ತು ಹರಗಿ ಕಪ್ಪಗೆ, ಮೆತ್ತಗೆ ಮಲಗಿತ್ತು. ಭೂಮಿ ನೋಡಲು ಬರುತ್ತಾರೆ ಎಂದರೆ ಅಜ್ಜನಿಗೆ ಇನ್ನೇನು ಅರ್ಥವಾಗಬೇಕು? ನೆಂಟರಿಷ್ಟರ ಕುರಿಯನ್ನೆಲ್ಲ ಕರೆಸಿ ರಜೆಯುದ್ದಕ್ಕೂ ರಾತ್ರಿ ಆ ಹೊಲದಲ್ಲೇ ಮಂದೆ ನಿಲ್ಲಿಸಿದ್ದ. ಬೇರೆಯವರ ಹೊಲದಲ್ಲಿ ನಿಲ್ಲಿಸಿದ್ದರೆ ಕಾಳು ಕೊಟ್ಟು ಕಳಿಸುತ್ತಿದ್ದರು, ಕುರಿಯ ಹಿಕ್ಕೆ ಗಂಜಲಕ್ಕಿಂತ ಮೇಲಾದ ಗೊಬ್ಬರವಿಲ್ಲ. ಅಷ್ಟರಲ್ಲಿ ಮಾಗಿಯಲ್ಲೊಂದು ಅಕಾಲದ ಮಳೆಯೂ ಬಿತ್ತು. ನೆಲ ಹದವಾದದ್ದೇ ತಡ, ನೇಗಿಲು ಕಟ್ಟಿದ್ದ.

ಕಾರಿನಿಂದ ಇಳಿದ ಪ್ರಿನ್ಸಿಪಾಲರ ಮುಖ ನೋಡಲಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಸಮಿತಿ ಬರುವ ಸುದ್ದಿ ಕೇಳಿ ಬಂದಿದ್ದ ಅಪ್ಪನೂ ಆಚೆ ಬದುವಿನ ಮೇಲೆ ಹಳ್ಳಿಯವರ ಜೊತೆ ಕೈಕಟ್ಟಿ ನಿಂತಿದ್ದ. ನನ್ನ ಕಣ್ಣಿಗೆ ಸೊರಬದ ದಾರಿ ಕಾಣತೊಡಗಿತು.

ಸಮಿತಿಯ ಅಧ್ಯಕ್ಷರು ಬಿಳಿ ಮೀಸೆಯ ಗಂಭೀರ ಮನುಷ್ಯ. ಇದೇನು ಎಂದು ಕೇಳಿದರು. ಅಜ್ಜ ಕಂಬಳಿ ಸರಿಪಡಿಸಿಕೊಂಡು ಮುಂದೆ ಬಂದ.

“ಬೀಳು ಕೊಟ್ಟ ಅಂತ ಊರಾಗ ಆಡಿಕೊಂಡ್ರು ರೀ. ಕೊಡೋ ಭೂಮಿ ಹದ ಮಾಡಿ ಕೊಡಬೇಕಿತ್ತು, ನಂದೇ ತಪ್ಪು. ಈಗ ನೋಡ್ರಿ, ಏನ್ ಬಿತ್ತಿದ್ರೂ ಹುಟ್ಟತೈತಿ.”

ಅಧ್ಯಕ್ಷರು ಬಗ್ಗಿ ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು, ಬರಿಗಾಲಲ್ಲಿ ಉತ್ತ ನೆಲಕ್ಕೆ ಇಳಿದರು. ಸ್ವಲ್ಪ ದೂರ ನಡೆದು ಪ್ರಿನ್ಸಿಪಾಲರನ್ನು ಕೇಳಿದರು, ಗ್ರಂಥಾಲಯ ಎಲ್ಲಿ ಬರುತ್ತದೆ? ಅವರು ಕೈಯಲ್ಲಿದ್ದ ನಕ್ಷೆ ನೋಡುತ್ತಾರೆ, ನೆಲ ನೋಡುತ್ತಾರೆ, ಮತ್ತೆ ನಕ್ಷೆ ನೋಡುತ್ತಾರೆ.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಈಗಲೂ ಗೊತ್ತಿಲ್ಲ. ಚಪ್ಪಲಿ ಬಿಟ್ಟು ಸರಸರನೆ ಹೊಲದೊಳಗೆ ನಡೆದು, ಬನ್ನಿಮರ ನೋಡಿ, ಅಂದು ಹಗ್ಗ ಹಿಡಿದಿದ್ದ ಜಾಗದಲ್ಲಿ ನಿಂತುಬಿಟ್ಟೆ. ಬಾಗಿಲು ಇಲ್ಲಿ ಸರ್ ಎಂದೆ. ಅಂದು ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ನನ್ನ ಗೆಳತಿಗೆ ಹೊಳೆಯಿತು. ಅವಳು ಬಂದು ಬಾಗಿಲಿನ ಇನ್ನೊಂದು ಪಕ್ಕಕ್ಕೆ ನಿಂತಳು. ಆಮೇಲೆ ಹುಡುಗರು ಒಬ್ಬೊಬ್ಬರಾಗಿ ಇಳಿದು ತಾವು ತಾವು ಗೆರೆ ಎಳೆದ ಜಾಗ ಹುಡುಕಿಕೊಂಡು ಮೂಲೆಗಳಾದರು. ಆದರೆ ನಾವಿದ್ದದ್ದೇ ಬೆರಳೆಣಿಕೆಯ ಮಂದಿ, ಗೋಡೆಗೆ ಸಾಲಲಿಲ್ಲ. ಅಜ್ಜ ಒಂದು ಗಳಿಗೆ ನೋಡಿದ. ಏನು ನಡೆಯುತ್ತಿದೆಯೆಂದು ತಿಳಿದ ಕೂಡಲೆ ಬದುವಿನ ಮೇಲಿದ್ದ ತನ್ನವರಿಗೆ ಕೈಬೀಸಿದ. ಕಂಬಳಿ ಹೊದ್ದವರು, ಕೋಲು ಹಿಡಿದವರು, ಸೊಂಟದ ಮೇಲೆ ಕೂಸು ಕೂರಿಸಿಕೊಂಡ ಹೆಂಗಸರು ಬಂದು ಮೂಲೆಯಿಂದ ಮೂಲೆಗೆ ಸಾಲಾಗಿ ನಿಂತರು. ಅವರಲ್ಲಿ ಅಕ್ಷರ ಬಲ್ಲವರು ಒಬ್ಬರಾದರೂ ಇದ್ದರೋ ಇಲ್ಲವೋ. ಅವರೆಲ್ಲ ಸೇರಿ ಗ್ರಂಥಾಲಯವಾಗಿದ್ದರು. ಬಳ್ಳಿಗಾವಿಯ ಮಠವನ್ನು ನಾನು ಕಂಡಿಲ್ಲ, ಆದರೆ ಅದು ಏಳುವ ಮೊದಲ ದಿನ ಹೀಗೇ ಇದ್ದಿರಬೇಕು ಅನ್ನಿಸಿತು. ಅಷ್ಟು ದೊಡ್ಡ ಗ್ರಂಥಾಲಯವನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಅಧ್ಯಕ್ಷರು ಎಲ್ಲಿಂದ ಬೇಕಾದರೂ ಒಳಗೆ ಬರಬಹುದಿತ್ತು. ಅವರು ಸುತ್ತಿಕೊಂಡು ಬಂದು ನಮ್ಮಿಬ್ಬರ ನಡುವೆಯೇ ಹಾದು ಒಳಗೆ ಹೋದರು. ಒಳಗೆ ನಿಂತು ನಾಲ್ಕೂ ಕಡೆ ನೋಡಿದರು. ಕಿಟಕಿಗಳು ದೊಡ್ಡವಿರಲಿ ಎಂದು ಪ್ರಿನ್ಸಿಪಾಲರಿಗೆ ಹೇಳಿದರು. ಒಪ್ಪಿಗೆಯ ಬಗ್ಗೆ ಒಂದು ಮಾತೂ ಆಡದೆ, ಬೂಟು ಕೈಯಲ್ಲೇ ಹಿಡಿದು ಕಾರು ಹತ್ತಿದರು.

ಒಪ್ಪಿಗೆ ಬಂದದ್ದು ಬೇಸಿಗೆಯಲ್ಲಿ. ಅಂದು ಆ ಹೊಲದಲ್ಲಿ ನಿಂತಿದ್ದಾಗ ನಮಗೆ ಅದು ಗೊತ್ತಿರಲಿಲ್ಲ. ಕಾರಿನ ಧೂಳು ಅಡಗಿದರೂ ಯಾರಿಗೂ ಜಾಗ ಬಿಟ್ಟು ಕದಲಲು ಮನಸ್ಸಾಗಲಿಲ್ಲ. ಆಗ ಅಪ್ಪ ಬದುವಿನಿಂದ ಇಳಿದ. ಚಪ್ಪಲಿ ಕೈಯಲ್ಲಿ. ನನ್ನ ಕಡೆಗೆ ನೇರ ಬಂದವನು, ಗೋಡೆಯಾಗಿ ನಿಂತವರ ಹತ್ತಿರ ತಡೆದು, ಬಳಸಿಕೊಂಡು ಬಾಗಿಲಿಗೆ ಬಂದ. ನಮ್ಮ ಮನೆಯ ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಒಳಹೋಗುವುದು ಅವನಿಗೆ ರೂಢಿ. ಏನೂ ಇಲ್ಲದ ಆ ಬಯಲಲ್ಲೂ ತಲೆ ಬಗ್ಗಿಸಿ ಒಳಗೆ ಬಂದ.

“ಸೊರಬದೋರಿಗೆ ನಾಳೆನೇ ಹೇಳಿ ಕಳಸ್ತೀನಿ ಅವ್ವಾ,” ಎಂದ. “ನೀ ಓದು.”