ಕ್ಯಾಂಪಿಗೆ ಹೋದ ಕರ್ಪೂರ

ಕಳೆದ ಬೇಸಿಗೆ ರಜೆಯ ಒಂದು ಸಂಜೆ, ಚಂದ್ರಾ ಲೇಔಟ್‌ನ ನಮ್ಮ ಮನೆಯಲ್ಲಿ ದೀಪ ಹಚ್ಚಿ ಮಂಗಳಾರತಿಗೆ ಕಡ್ಡಿ ಗೀರಿದೆ. ಕರ್ಪೂರ ಹತ್ತಿಕೊಳ್ಳಲಿಲ್ಲ. ಇನ್ನೊಂದು ಕಡ್ಡಿ ಗೀರಿದರೆ ಕರಗಿ ತಟ್ಟೆಗೆ ಅಂಟಿಕೊಂಡಿತು.

"ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದಾನೆ ಕಣಮ್ಮ ನಿಂಗೆ," ಎಂದು ಅತ್ತೆ ನಕ್ಕರು.

ಡಬ್ಬಿಯಲ್ಲಿದ್ದ ಇನ್ನೊಂದು ಚೂರನ್ನು ಬೆರಳಲ್ಲಿ ಹಿಚುಕಿದೆ. ಮೆತ್ತಗಿತ್ತು.

"ಕರ್ಪೂರ ಅಲ್ಲ ಅತ್ತೆ. ಸಿಂಚನಾ ಹಲ್ಲಿನ ಮೇಣ ಇದು."

"ಹಂಗಾದ್ರೆ ಕರ್ಪೂರ ಎಲ್ಲೋಯ್ತು?"

ಮಗಳ ಚೀಲದಲ್ಲಿ, ಮಾಗಡಿ ರಸ್ತೆಯಾಚೆ ತೋಟವೊಂದರಲ್ಲಿ ನಡೆಯುತ್ತಿದ್ದ ಕ್ಯಾಂಪಿಗೆ ಹೋಗಿತ್ತು.

ಮದುವೆಯಾದಾಗಿನಿಂದ ಮನೆ ನೋಡಿಕೊಳ್ಳುವುದೇ ನನ್ನ ಉದ್ಯೋಗ. ಏಳನೇ ಕ್ಲಾಸು ಮುಗಿಸಿದ್ದ ಸಿಂಚನಾ ಮೊದಲ ಸಲ ನಮ್ಮನ್ನು ಬಿಟ್ಟು ಬೇರೆಡೆ ಮಲಗಲು ಹೊರಟಿದ್ದಳು, ಅದೂ ಹಲ್ಲಿಗೆ ಹೊಸದಾಗಿ ಬ್ರೇಸಸ್ ಹಾಕಿಸಿಕೊಂಡು. ಗಟ್ಟಿ ತಿಂಡಿ ಕಚ್ಚಿದರೆ ಬ್ರೇಸಸ್ ಕಿತ್ತುಬರುತ್ತದೆಂದು ಡಾಕ್ಟರ್ ಹೇಳಿದ್ದರಿಂದ ಚಕ್ಕುಲಿ, ಕೋಡುಬಳೆ ಬಿಟ್ಟು ರವೆ ಉಂಡೆ ಕಟ್ಟಿಕೊಟ್ಟೆ. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಅದರ ಮೇಲೆ ಒತ್ತಿಕೊಳ್ಳಲು ಅವರೇ ಬಿಳಿ ಮೇಣ ಕೊಟ್ಟಿದ್ದರು. ಅದನ್ನು ಚೂರು ಮಾಡಿ ಪುಟ್ಟ ಡಬ್ಬಿಗೆ ತುಂಬಿದೆ. ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗ ಜೋಡಿಯಾಗಿ ಕೊಟ್ಟಿದ್ದ ಡಬ್ಬಿ ಅದು. ಅದರ ಜೊತೆಯದರಲ್ಲಿ ಕರ್ಪೂರವಿತ್ತು. ಪ್ರಯಾಣದ ಸಾಮಾನನ್ನು ದೇವರ ಮುಂದಿಟ್ಟು ಆಮೇಲೆ ತೆಗೆಯುವುದು ನಮ್ಮ ರೂಢಿ. ಬೆಳಿಗ್ಗೆ ಬಸ್ಸು ಹಾರ್ನ್ ಹೊಡೆದ ಗಡಿಬಿಡಿಯಲ್ಲಿ ಡಬ್ಬಿ ಅದಲುಬದಲಾಗಿತ್ತು.

ರಾಜಾಜಿನಗರದ ಅಂಗಡಿಯಲ್ಲಿದ್ದ ಯಜಮಾನರಿಗೆ ಫೋನ್ ಮಾಡಿದೆ.

"ವಾಸನೆ ಗೊತ್ತಾಗಲ್ವೇನೇ ಅವಳಿಗೆ?"

"ನೆಗಡಿ ರೀ, ಮೂಗು ಕಟ್ಟಿದೆ. ಬಾಯಿಗೆ ಇಟ್ಕೊಂಡು ನುಂಗಿಬಿಟ್ರೆ? ಅದು ವಿಷ ರೀ."

"ನಾನೇ ಹೋಗಿ ನೋಡ್ತೀನಿ," ಎಂದರು. ಅಂಗಡಿಯ ಶಟರ್ ಎಳೆಯುವ ಸದ್ದು ಕೇಳಿಸಿತು.

ಮಕ್ಕಳು ಫೋನ್ ತರುವಂತಿರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಕ್ಯಾಂಪಿನ ಮಿಸ್ ನಂಬರ್ ಒಂದೇ. ಎಷ್ಟು ಸಲ ಒತ್ತಿದರೂ ನಾಟ್ ರೀಚಬಲ್. ಮೆಸೇಜೂ ಹೋಗಲಿಲ್ಲ. ಅತ್ತೆ ಹಳದಿ ಬಟ್ಟೆಯಲ್ಲಿ ಮಾದಪ್ಪನಿಗೆ ಮುಡಿಪು ಕಟ್ಟಿದರು. ನಾನು ಫೋನ್ ಹಿಡಿದು ದೇವರ ಮುಂದೆಯೇ ಕೂತೆ. ಪ್ರಾರ್ಥನೆ ಮಾಡೋಣವೆಂದರೆ ಒಂದು ಸ್ತೋತ್ರವೂ ನೆನಪಿಗೆ ಬರಲಿಲ್ಲ. "ಅಪ್ಪಾ, ಅವಳ ಬಾಯಿಗೆ ಹೋಗದೆ ಇರಲಿ," ಎಂದಷ್ಟೇ ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ಅಲ್ಲಿಂದಲೇ ಫೋನ್ ಬಂತು. ಮಿಸ್ ನೆಟ್‌ವರ್ಕ್ ಸಿಕ್ಕ ಮೇಲೆ ನಮ್ಮ ಕರೆಗಳನ್ನು ನೋಡಿ, ಸಿಂಚನಾಳ ಕೈಗೇ ಕೊಟ್ಟಿದ್ದರು.

"ಅಮ್ಮಾ, ಕರ್ಪೂರ ಯಾಕೆ ಕಳ್ಸಿದೀಯ?"

"ತಿಂದೇನೇ?"

"ಇಲ್ಲಮ್ಮ. ಬಾಯಿಗೆ ಇಟ್ಕೋಬೇಕು, ಅಷ್ಟ್ರಲ್ಲಿ ಪಕ್ಕದ ಹಾಸಿಗೆಯವಳು, ಏನೇ ನಿನ್ ಕೈಲಿ ದೇವಸ್ಥಾನದ ವಾಸನೆ ಬರ್ತಿದೆ ಅಂದ್ಳು. ಕ್ಯಾಂಪ್‌ಫೈರ್ ಹತ್ಕೋತಾನೇ ಇರ್ಲಿಲ್ಲ. ಮಿಸ್ ಅದನ್ನೇ ಹಾಕಿ ಹಚ್ಚಿದ್ರು. ಎಲ್ರೂ ಜೈ ಅಂದ್ರು!"

ಅತ್ತೆ ಗಲ್ಲ ಬಡಿದುಕೊಂಡು ಕೈಮುಗಿದರು. ನನಗೆ ಅಳು ಬಂತು.

"ಹಾಗಾದ್ರೆ ತಂತಿ ಚುಚ್ತಾ ಇದ್ಯಾ ಕಂದಾ?"

"ಚುಚ್ತಿದೆ. ಮಿಸ್ ಹತ್ತಿ ಕೊಟ್ಟಿದಾರೆ."

"ಅಪ್ಪ ಸ್ಕೂಟರಲ್ಲಿ ಹೊರಟಿದಾರೆ ಕಣೇ."

"ಬೇಡಮ್ಮ, ಪ್ಲೀಸ್! ಎಲ್ರೂ ನಗ್ತಾರೆ. ನಾನ್ ನೋಡ್ಕೋತೀನಿ. ನೀನ್ ಅಲ್ಲಿಂದ ಏನ್ ಮಾಡಕ್ಕಾಗುತ್ತೆ?"

ಯಜಮಾನರು ಅಂಗಡಿಯಿಂದ ಹಾಗೇ ಹೊರಟಿದ್ದರು. ಮೇಣ ನನ್ನ ಹತ್ತಿರವೇ ಇತ್ತು. ಅವರಿಗೆ ಫೋನ್ ಮಾಡಿ ತಿರುಗಿ ಬನ್ನಿ ಎಂದೆ. ಇನ್ನೂ ಸುಂಕದಕಟ್ಟೆ ಸಿಗ್ನಲ್‌ನಲ್ಲೇ ನಿಂತಿದ್ದರು.

ಕೂಸನ್ನು ಕಳಿಸುವ ಚೀಲಕ್ಕೆ ಏನು ತುಂಬಬೇಕೆಂದು ತಾಯಿ ಎಷ್ಟೇ ಯೋಚಿಸಿದರೂ, ಚೀಲ ಮನೆ ದಾಟಿದ ಮೇಲೆ ಅವಳ ಕೈ ಅಲ್ಲಿಗೆ ತಲುಪುವುದಿಲ್ಲ. ಆಮೇಲೆ ಕಾಯುವವನು ಭಗವಂತ. ಅವತ್ತು ಹೆಸರೂ ಗೊತ್ತಿಲ್ಲದ ಒಂದು ಹುಡುಗಿಯ ಮೂಗಿನಿಂದ ಕಾಯ್ದ. ಇಷ್ಟು ಗೊತ್ತಿದ್ದೂ ಮಗಳ ಕೆನ್ನೆಗೆ ಚುಚ್ಚುತ್ತಿದ್ದ ತಂತಿ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಬೆಳಿಗ್ಗೆ ನೆನೆಹಾಕಿದ್ದ ಉದ್ದಿನಬೇಳೆ ಹಾಗೇ ಇತ್ತು. ನೀರು ಬಸಿದು ಗ್ರೈಂಡರ್‌ಗೆ ಹಾಕಿದೆ.