ಅಮಾವಾಸ್ಯೆಯ ಸೂಜಿ

ಹಾಸಿಗೆ ಹಿಡಿದಿದ್ದ ಅವ್ವನಿಗೆ ಇನ್ಸುಲಿನ್ ಚುಚ್ಚುವುದನ್ನು ನಾನು ಡಾಕ್ಟರಿಂದ ಕಲಿತೆ. ಅವ್ವನನ್ನು ನೋಡಿಕೊಳ್ಳುತ್ತಿದ್ದಾಕೆ ನನ್ನಿಂದ ಕಲಿತಳು. ಅದುವರೆಗೆ ಹೊಲಗಳಲ್ಲಿ ಚೆಂಡುಹೂ ಬಿಡಿಸುತ್ತಿದ್ದವಳು ಆಕೆ. ಹರದನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಚಾಮರಾಜನಗರದ ನಮ್ಮ ಮನೆಗೆ ಬರುತ್ತಿದ್ದಳು. ಓದು ಬರದು. ಹಾಗಾಗಿ ಪ್ರತಿ ಭಾನುವಾರ ವಾರಕ್ಕಾಗುವಷ್ಟು ಸಿರಿಂಜುಗಳ ಮೇಲೆ ನೇಲ್ ಪಾಲಿಷಿನಿಂದ ಗೆರೆ ಎಳೆದಿಡುತ್ತಿದ್ದೆ. ಗೆರೆಯವರೆಗೆ ಔಷಧಿ ಎಳೆ, ಹೊಟ್ಟೆಗೆ ಚುಚ್ಚು, ಒಂದು ದಿನವೂ ತಪ್ಪಿಸಬೇಡ. ಅಷ್ಟೇ ನನ್ನ ನರ್ಸಿಂಗ್ ಪಾಠ. ನನಗೋ ಗುಂಡ್ಲುಪೇಟೆಯ ಆಫೀಸಿಗೆ ಎಂಟು ಗಂಟೆಯ ಬಸ್ಸು ಹಿಡಿಯುವ ಆತುರ.

ತಿಂಡಿ ತಿನ್ನದಿದ್ದರೆ ಸೂಜಿ ಹಾಕಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಅದೊಂದನ್ನು ಆಕೆಗೆ ಹೇಳಿರಲಿಲ್ಲ.

ನಮ್ಮದು ಮಾದಪ್ಪನ ಒಕ್ಕಲು. ಅಮಾವಾಸ್ಯೆ ಬಂತೆಂದರೆ ಅವ್ವ ಸಂಜೆ ಪೂಜೆಯಾಗುವ ತನಕ ಏನೂ ತಿನ್ನುತ್ತಿರಲಿಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ಬಿಟ್ಟಿದ್ದಳು. ಸ್ವಲ್ಪ ಚೇತರಿಸಿಕೊಂಡದ್ದೇ ತಡ, ಮತ್ತೆ ಅದೇ ಹಠ.

ಆ ಅಮಾವಾಸ್ಯೆಯ ದಿನ ನಾನು ಬಸ್ಸಿನಲ್ಲಿ ನಿಂತಿದ್ದಾಗ ಆಕೆಯ ಫೋನು ಬಂತು.

"ದೊಡ್ಡವ್ವ ಇವತ್ತು ಏನೂ ತಿನ್ನಕಿಲ್ಲ ಅಂತಾವ್ರ ಕಣಕ್ಕ. ಸೂಜಿ ಆಕನಾ, ಬ್ಯಾಡ್ವಾ?"

ತಪ್ಪಿಸಬೇಡ ಎಂದು ಎಷ್ಟು ಸಲ ಹೇಳಬೇಕು ಎಂದು ಗದರಿ ಫೋನು ಇಟ್ಟೆ. ಏನು ತಿನ್ನಕಿಲ್ಲ, ಯಾಕೆ ತಿನ್ನಕಿಲ್ಲ ಎಂದು ಯೋಚಿಸುವಷ್ಟೂ ಪುರುಸೊತ್ತು ನನಗಿರಲಿಲ್ಲ.

ಮಧ್ಯಾಹ್ನದೊಳಗೆ ಅವ್ವ ಬೆವರಿ ಪ್ರಜ್ಞೆ ತಪ್ಪಿದ್ದಳು. ಆಕೆಯೇ ಪಕ್ಕದ ಮನೆಯಮ್ಮನನ್ನು ಕೂಗಿ, ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದಳು. ನಾನು ಓಡಿ ಬರುವಷ್ಟರಲ್ಲಿ ಗ್ಲೂಕೋಸ್ ಏರುತ್ತಿತ್ತು, ಅವ್ವ ಕಣ್ಣು ಬಿಟ್ಟಿದ್ದಳು. ಖಾಲಿ ಹೊಟ್ಟೆಗೆ ಸೂಜಿ ಹಾಕಲು ಹೇಳಿದವರು ಯಾರು ಎಂದು ಡಾಕ್ಟರು ನನ್ನನ್ನು ಕೇಳಿದರು. ಆಕೆ ಅವ್ವನ ಶಾಲು ಹಿಡಿದು ಗೋಡೆಗೊರಗಿ ನಿಂತಿದ್ದಳು. ನನ್ನ ಮುಖವನ್ನೇ ನೋಡಿದಳು.

"ಗೊತ್ತಿಲ್ಲ ಸಾರ್. ಅವಳೇ ಹಾಕಿಬಿಟ್ಟಿದ್ದಾಳೆ," ಎಂದೆ.

ನಾಲಿಗೆ ತಡವರಿಸಲೂ ಇಲ್ಲ. ವಾರ್ಡಿನವರೆಲ್ಲ ನೋಡುತ್ತಿರುವಾಗ ಡಾಕ್ಟರು ಆಕೆಗೆ ಬೈದರು. ಆಕೆ ಶಾಲು ಮಡಿಸಿ ಮಂಚದ ಮೇಲಿಟ್ಟು ಹೊರಟುಹೋದಳು.

ವಾರ ಕಳೆದರೂ ಬೇರೆ ಯಾರೂ ಸಿಗಲಿಲ್ಲ. ಹರದನಹಳ್ಳಿಗೆ ಹೋದೆ. ತಪ್ಪಾಯಿತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡವಳು, ಆಕೆ ಕೊಟ್ಟ ಟೀ ಕುಡಿದು, ಉಪವಾಸದ ದಿನ ಸೂಜಿ ಬೇಡವೆಂದೂ ಸೋಮವಾರದಿಂದ ಬಾ ಎಂದೂ ಹೇಳಿ ಎದ್ದುಬಂದೆ. ನೆನೆದರೆ ಇವತ್ತಿಗೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಆಕೆ ಬಂದಳು, ಅವಳ ಮನೆಯ ಒಲೆಯೂ ಉರಿಯಬೇಕಲ್ಲ.

ಮುಂದಿನ ಅಮಾವಾಸ್ಯೆಗೆ, ಅದೇ ಬಸ್ಸಿನಲ್ಲಿ, ಮತ್ತೆ ಫೋನು ಬಂತು.

"ದೊಡ್ಡವ್ವ ಉಪಾಸ ಅವ್ರ. ಸ್ಪೀಕರಿಗ ಆಕಿವ್ನಿ ಕಣಕ್ಕ, ಪಕ್ಕದ್ಮನೆ ಅಮ್ಮಾರೂ ಕೇಳ್ತಾವ್ರ. ಸೂಜಿ ಆಕನಾ, ಬ್ಯಾಡ್ವಾ? ವಸಿ ಜೋರಾಗಿ ಹೇಳಿ."

ಬೇಡ ಎಂದೆ. ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ.