ಲೊರೆಶೋದ ವರಾಂಡದಲ್ಲಿ ಒಂದು ಜೊತೆ ಸ್ಕೀಬೋರ್ಡ್

ನೈರೋಬಿಯ ಗಿಗಿರಿಯಲ್ಲಿರುವ ನಮ್ಮ ಸಂಸ್ಥೆ ಪ್ರತಿ ಚಳಿಗಾಲ ಯುರೋಪಿನ ಬೆಟ್ಟದ ಊರೊಂದರಲ್ಲಿ ಸಭೆ ಸೇರುತ್ತದೆ. ಬಡವರ ಕುಡಿಯುವ ನೀರಿನ ಬಗ್ಗೆ ಗಂಭೀರವಾಗಿ ಯೋಚಿಸಬೇಕಾದರೆ ಸುತ್ತಲೂ ಹಿಮ ಇರಬೇಕೆಂದು ಮೇಲಿನವರು ಕಂಡುಕೊಂಡಿದ್ದಾರೆ. ಸಭೆ ಮುಗಿದ ಮರುದಿನ ಎಲ್ಲರೂ ಸ್ಕೀ ಆಡಲು ಹೊರಡುತ್ತಾರೆ. ಮೊದಲ ವರ್ಷ ನಾನು ಹೋಟೆಲಿನ ಕೆಫೆಯಲ್ಲಿ ಕೂತು ಅವರ ಬ್ಯಾಗುಗಳನ್ನು ಕಾದೆ. ನಮ್ಮ ವಿಭಾಗದ ಮುಖ್ಯಸ್ಥರು ಹತ್ತಿರ ಬಂದು, "ನಿಮ್ಮದು ಬಿಸಿಲಿನ ದೇಶ ಅಲ್ಲವೇ, ಪಾಪ" ಎಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕನಿಕರ ತೋರಿಸಿಬಿಟ್ಟರು. ಮುಂದಿನ ವರ್ಷ ನಾನೂ ಜಾರುವುದೇ ಎಂದು ಆ ಕ್ಷಣವೇ ನಿಶ್ಚಯಿಸಿದೆ. ಐವತ್ತು ಸಮೀಪಿಸುತ್ತಿತ್ತು, ಹೊಸದಾಗಿ ಎಲುಬು ಮುರಿದುಕೊಳ್ಳಲು ಅದಕ್ಕಿಂತ ಪ್ರಶಸ್ತ ವಯಸ್ಸಿಲ್ಲ.

ನೈರೋಬಿಯಲ್ಲಿ ಟೆಂಟು, ದುರ್ಬೀನು, ಸಫಾರಿ ಟೋಪಿ ಎಷ್ಟು ಬೇಕಾದರೂ ಸಿಗುತ್ತವೆ. ಹಿಮದ ಸಾಮಾನು ಇಡುವಷ್ಟು ಹುಚ್ಚು ಯಾವ ಅಂಗಡಿಯವರಿಗೂ ಇಲ್ಲ. ಆದರೆ ಊರು ಬಿಟ್ಟು ಹೋಗುವ ವಿದೇಶಿಯರು ಮನೆ ಖಾಲಿ ಮಾಡುವಾಗ ಏನು ಹೊರಗೆ ಬರುತ್ತದೆಂದು ಹೇಳಲಾಗದು. ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ಹಾಗೆ ಹೊರಟಿದ್ದ ರಾಯಭಾರ ಕಚೇರಿಯ ದಂಪತಿ ತಮ್ಮ ಸ್ಕೀ ಸಾಮಾನನ್ನು ಮಾರಾಟಕ್ಕಿಟ್ಟಿದ್ದಾರೆಂದು ತಿಳಿದು, ಗಂಡನನ್ನು ಹೊರಡಿಸಿಕೊಂಡು ಹೋದೆ.

ಹುಲ್ಲಿನ ಮೇಲೆ ಎರಡು ಬಗೆ ಇದ್ದವು. ಒಂದು ನನಗಿಂತ ಎತ್ತರದ ಸ್ಕೀ. ಇನ್ನೊಂದು ಸ್ಕೀಬೋರ್ಡ್: ಸೊಂಟದವರೆಗೂ ಬಾರದ, ಸ್ವಲ್ಪ ಅಗಲವಾದ, ಎರಡೂ ತುದಿ ಮೇಲಕ್ಕೆ ಬಾಗಿದ ಗಿಡ್ಡ ಹಲಗೆಗಳು. ಕೈಯಲ್ಲಿ ಕೋಲು ಬೇಡ, ಕಲಿಯುವುದು ಸುಲಭ, ಸೂಟ್‌ಕೇಸಿನಲ್ಲಿ ಹಿಡಿಸುತ್ತದೆ ಎಂದರು ಆ ಮನೆಯಾಕೆ. ಮೂರನೆಯ ಗುಣಕ್ಕೇ ನಾನು ಸೋತೆ. ಅವರ ಬೂಟು ನನ್ನ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗನ್ನೂ ಹಾಕಿ ತೋರಿಸಿದರು.

"ಬೈಂಡಿಂಗಾ? ಪುಸ್ತಕಕ್ಕೆ ಮಾಡಿಸ್ತಾರಲ್ಲ, ಅದಾ?" ಎಂದರು ನನ್ನ ಗಂಡ. ಕಾರಿನಲ್ಲಿ ಮನೆಯವರೆಗೂ ಆ ಜೋಕಿಗೆ ತಾವೇ ನಕ್ಕರು.

ಲೊರೆಶೋದ ನಮ್ಮ ಮನೆಯಲ್ಲಿ ಮಗಳು ಹಲಗೆಗಳನ್ನು ನೋಡಿ, "ಅಮ್ಮಾ, ಸೀರಿಯಸ್ಲಿ? ವಿ ಲಿವ್ ಆನ್ ದಿ ಈಕ್ವೇಟರ್" ಎಂದು ಭೂಗೋಳದ ಪಾಠ ಹೇಳಿ ಕೋಣೆಗೆ ಹೋದಳು.

ಪಕ್ಕದ ಮನೆಯಲ್ಲಿ ಮಂಗಳೂರಿನ ಫಿಸಿಯೋಥೆರಪಿಸ್ಟ್ ಒಬ್ಬರಿದ್ದಾರೆ. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ನಾನು ವರಾಂಡದಲ್ಲಿ ಬೂಟು ಸಿಕ್ಕಿಸಿಕೊಂಡು ಒಂಟೆಯಂತೆ ನಿಂತಿದ್ದಾಗ ಅವರು ಬಂದರು.

"ಎಂತ ಮಾರಾಯ್ರೆ ಇದು?"

"ಎಷ್ಟು ಗಟ್ಟಿ ಹಿಡ್ಕೊಂಡಿದೆ ನೋಡಿ!" ಎಂದು ನಾನು ಹೆಮ್ಮೆಯಿಂದ ಕಾಲು ಎಳೆದು ತೋರಿಸಿದೆ.

ಅವರು ಬಗ್ಗಿ ನೋಡಿದರು. "ಬಿದ್ರೆ ಬಿಡ್ತದಾ ಇದು?"

"ಬಿಡೋದೇ ಇಲ್ಲ."

"ಹಾಗಾದ್ರೆ ಹಲಗೆ ಒಂದು ಕಡೆ ತಿರುಗ್ತದೆ, ನೀವು ಇನ್ನೊಂದು ಕಡೆ. ಮಧ್ಯದಲ್ಲಿ ಮೊಣಕಾಲು. ಆಮೇಲೆ ನನ್ನ ಕ್ಲಿನಿಕ್ಕಿಗೇ ಬರ್ಬೇಕಲ್ಲ ನೀವು?"

ಅದುವರೆಗೆ ನಾನು ಗುಣ ಎಂದುಕೊಂಡಿದ್ದೇ ದೋಷವಾಗಿತ್ತು. ಬೂಟಿನ ಮುಂದೆ ಹಿಂದೆ ದಪ್ಪ ತಂತಿ ಬಿಗಿದು ಹಿಡಿಯುವ ಬೈಂಡಿಂಗ್ ಅದು. ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳುವ ಬಗೆಯೂ ಇದೆಯೆಂದು ಆ ರಾತ್ರಿ ಓದಿ ತಿಳಿದೆ. ಹಲಗೆಯಲ್ಲಿದ್ದ ತೂತುಗಳಿಗೇ ಕೂರುವಂಥದೊಂದನ್ನು ಯುರೋಪಿನಿಂದ ಬರುತ್ತಿದ್ದ ಸಹೋದ್ಯೋಗಿಯ ಕೈಲಿ ತರಿಸಿದೆ. ಗಂಡ ತಾವಾಗಿ ಸ್ಕ್ರೂಡ್ರೈವರ್ ಹಿಡಿದು ಜೋಡಿಸಿಕೊಟ್ಟರು, ನನ್ನ ಕನಸಿನ ಮೇಲಿನ ಗೌರವದಿಂದಲ್ಲ, ಹೆಂಗಸರಿಗೆ ಸ್ಕ್ರೂ ತಿರುಗಿಸಲು ಬರುವುದಿಲ್ಲ ಎಂಬ ಗಾಢ ನಂಬಿಕೆಯಿಂದ.

ಆಮೇಲೆ ಆರೈಕೆ ಶುರುವಾಯಿತು. ಬಳಸದಿದ್ದರೂ ಹಲಗೆಯ ತಳ ಒಣಗಬಾರದು, ಮೇಣ ತಿನ್ನಿಸಬೇಕು. ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ, ಮೇಣವನ್ನು ಅದಕ್ಕೆ ಒತ್ತಿ ತೊಟ್ಟಿಕ್ಕಿಸಿ, ತಳದ ಉದ್ದಕ್ಕೂ ಸವರಿ, ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕು. ಮರುದಿನ ಅದೇ ಇಸ್ತ್ರಿಪೆಟ್ಟಿಗೆ ಗಂಡನ ಬಿಳಿ ಅಂಗಿಯ ಮೇಲೂ ಓಡಿತು.

"ಈಗ ನಾನೂ ಜಾರ್ತೀನಿ," ಎಂದರು ಅವರು, ಬೆನ್ನಿನ ಮೇಲಿನ ಮೇಣದ ಪಟ್ಟೆ ತೋರಿಸಿ. ಹೊಸ ಇಸ್ತ್ರಿಪೆಟ್ಟಿಗೆ ಬಂತು. ಹಳೆಯದು ಹಲಗೆಗಳಿಗೆ ಮೀಸಲಾಯಿತು. ಮಳೆಗಾಲದಲ್ಲಿ ಉಕ್ಕಿನ ಅಂಚುಗಳು ತುಕ್ಕು ಹಿಡಿದವು. ಹಿಮವನ್ನೇ ಕಾಣದೆ ತುಕ್ಕು ಹಿಡಿದ ಸ್ಕೀಬೋರ್ಡ್ ಇನ್ನೆಲ್ಲಾದರೂ ಇದೆಯೋ ಇಲ್ಲವೋ. ಮಗಳ ರಬ್ಬರು ಕದ್ದು ಉಜ್ಜಿದೆ. ಅವಳು, "ದಿಸ್ ಈಸ್ ನಾಟ್ ನಾರ್ಮಲ್" ಎಂದಳು. ಆದರೆ ಕೂತು ಇನ್ನೊಂದು ಅಂಚನ್ನು ತಾನೇ ಉಜ್ಜಿದಳು.

ಮುಂದಿನ ಚಳಿಗಾಲ ಬಂತು. ಬೆಟ್ಟದ ಊರಿನ ಅಂಗಡಿಯಲ್ಲಿ ಬೈಂಡಿಂಗಿನ ಬಿಗುವನ್ನು ನನಗೆ ಹೊಂದಿಸಿಕೊಳ್ಳಬೇಕಿತ್ತು. ಅದಕ್ಕೆ ವಯಸ್ಸು, ತೂಕ, ಅನುಭವ ಮೂರನ್ನೂ ಸತ್ಯವಾಗಿ ಹೇಳಬೇಕು. ಅಂಗಡಿಯ ಹುಡುಗಿ ಕಿವಿ ಮಂದವಿದ್ದವಳಂತೆ ಮತ್ತೆ ಮತ್ತೆ ಕೇಳಿದಳು. ನನ್ನ ಹಿಂದೆಯೇ ಮುಖ್ಯಸ್ಥರು ನಿಂತಿದ್ದರು. ನನ್ನ ತೂಕ ಇಡೀ ಸಂಸ್ಥೆಗೆ ತಿಳಿಯುವಷ್ಟು ಗಟ್ಟಿಯಾಗಿ ಹೇಳಿದೆ. ಅನುಭವ? "ವರಾಂಡದಲ್ಲಿ" ಎಂದೆ. ಅವರ ಸರದಿ ಬಂದಾಗ ಅವರು ಹುಡುಗಿಯ ಕಿವಿಯ ಹತ್ತಿರ ಬಗ್ಗಿದರು.

ಮಕ್ಕಳು ಕಲಿಯುವ ಇಳಿಜಾರಿಗೆ ಹೋದೆ. ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡ ಕೂಸುಗಳು ನನ್ನ ಪಕ್ಕದಿಂದ ಸುಯ್ಯೆಂದು ಹೋದವು. ನಾನು ಬಿದ್ದೆ, ಎದ್ದೆ, ಬಿದ್ದೆ. ಒಂದು ಸಲ ಎಡಗಾಲಿನ ಹಲಗೆ ಹಿಮದಲ್ಲಿ ಸಿಕ್ಕಿಕೊಂಡಿತು, ಮೈ ಬಲಕ್ಕೆ ತಿರುಗಿತು. ಮೊಣಕಾಲು ಹೋಯಿತೆಂದೇ ಅಂದುಕೊಂಡೆ. ಟಪ್ ಎಂದು ಬೂಟು ಬಿಡಿಸಿಕೊಂಡಿತು. ಹಿಮದಲ್ಲಿ ಅಂಗಾತ ಬಿದ್ದು, ಎರಡೂ ಕಾಲು ಆಡಿಸಿ ನೋಡಿ, ಒಬ್ಬಳೇ ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಆ ಇಳಿಜಾರನ್ನು ಒಮ್ಮೆ ಬೀಳದೆ ಇಳಿದೆ. ನೋಡಲು ಯಾರೂ ಇರಲಿಲ್ಲ. ಬೀಳುವಾಗ ಮಾತ್ರ ಜನ ಸೇರುತ್ತಾರೆ.

ಸಂಜೆ ಹೋಟೆಲಿನ ಟವೆಲಿನಿಂದ ಅಂಚುಗಳನ್ನು ಒರೆಸುತ್ತಾ ಮನೆಗೆ ಫೋನ್ ಮಾಡಿದೆ. ಗಂಡ ಎತ್ತಿದ ಕೂಡಲೇ ಕೇಳಿದ್ದು ಒಂದೇ ಮಾತು: "ಕಾಲು ಸರಿಯಾಗಿದೆಯಾ?"

"ಸರಿಯಾಗಿದೆ ರೀ. ಬೈಂಡಿಂಗ್ ಬಿಡ್ತು."

ಅವರು ಪಕ್ಕದಲ್ಲಿದ್ದವರಿಗೆ, "ಬಿಡ್ತಂತೆ" ಎಂದು ಕೂಗಿದ್ದು ಕೇಳಿಸಿತು. ಹಿಂದಿನಿಂದ ಪಕ್ಕದ ಮನೆಯವರ ದನಿ ಬಂತು:

"ನಾನು ಹೇಳ್ಲಿಲ್ವಾ ಮಾರಾಯ್ರೆ! ಅವ್ರಿಗೆ ನಾಳೆ ಮೈಯೆಲ್ಲ ನೋಯ್ತದೆ, ಬಿಸಿನೀರಿನ ಸ್ನಾನ ಮಾಡ್ಲಿಕ್ಕೆ ಹೇಳಿ."

ಮಾಡಿದೆ. ಆದರೂ ನೋಯಿತು.